‘ಅವರು ಹೇಗಿದ್ದಾರೆ?’: ಒಬ್ಬರ ರೂಪ, ಗುಣವನ್ನು ಇಂಗ್ಲಿಷ್‌ನಲ್ಲಿ ಹೇಳುವ ದಾರಿ

ಹೊರ ರಾಜ್ಯದ ಅತಿಥಿಗಳು ಹಾಸನ ರೈಲ್ವೆ ಸ್ಟೇಷನ್‌ನಲ್ಲಿ ಇಳಿದಿದ್ದಾರೆ. ನಿಮ್ಮ ಹೋಂಸ್ಟೇ ಇರುವುದು ಸಕಲೇಶಪುರದ ಆಚೆ. ಕರೆತರಲು ಡ್ರೈವರ್ ಆಗಲೇ ಹೋಗಿ ನಿಂತಿದ್ದಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. “ವಾಟ್ ಡಸ್ ಹಿ ಲುಕ್ ಲೈಕ್?” ಡ್ರೈವರ್ ಮುಖ ನಿಮ್ಮ ಕಣ್ಣಿಗೆ ಕಟ್ಟಿದ ಹಾಗಿದೆ. ಮೀಸೆ, ಎತ್ತರ, ಹೆಗಲ ಮೇಲಿನ ಟವೆಲ್ ಎಲ್ಲ ಗೊತ್ತು. ಆದರೆ ಬಾಯಿಗೆ ಬರುವುದು “ಹಿ ಈಸ್ ಗುಡ್ ಮ್ಯಾನ್” ಅಷ್ಟೇ.

ಈ ತೊಡಕು ಹೇಳಿಕೊಂಡು ಬರುವವರು ಬಹಳ ಜನ. ಮೂಡಿಗೆರೆ, ಚಿಕ್ಕಮಗಳೂರು ಕಡೆ ಹೋಂಸ್ಟೇ ನಡೆಸುವವರು, ಬೇಲೂರಿನಲ್ಲಿ ಗೈಡ್ ಆಗಬೇಕು ಅನ್ನುವ ಹುಡುಗರು, ನರ್ಸಿಂಗ್ ಓದುವ ಹೆಣ್ಣುಮಕ್ಕಳು, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟವರು. ಎಲ್ಲರೂ ಕೇಳುವುದು ಒಂದೇ: “ಪದ ಗೊತ್ತು, ಆದರೆ ಒಬ್ಬ ಮನುಷ್ಯ ಹೀಗಿದ್ದಾನೆ ಅಂತ ಇಂಗ್ಲಿಷ್‌ನಲ್ಲಿ ಹೇಳೋಕೆ ಆಗಲ್ಲ. ಏನು ಮಾಡೋದು?” ಅವರಿಗಾಗಿ, ನಿಮಗಾಗಿ, ಇದನ್ನು ಹಂತ ಹಂತವಾಗಿ ಬರೆದಿದ್ದೇನೆ.

ತೊಂದರೆ ನೀವು ಕಲಿತ ಪದಗಳದ್ದಲ್ಲ. ಕನ್ನಡ ಒಂದೇ ಮಾತಿನಲ್ಲಿ ಮುಗಿಸುವುದನ್ನು ಇಂಗ್ಲಿಷ್ ಮೂರು ನಾಲ್ಕು ಕಡೆ ಹಂಚಿಡುತ್ತದೆ. ಎಲ್ಲೆಲ್ಲಿ ಹಂಚುತ್ತದೆ ಅಂತ ಗೊತ್ತಾದರೆ ನಿಮ್ಮಲ್ಲಿರುವ ಪದಗಳೇ ಸಾಕಾಗುತ್ತವೆ.

ಬೇಕಾದ ಸಾಮಾನು ಕಡಿಮೆ. ಒಂದು ನೋಟ್‌ಬುಕ್, ಮನೆಯವರ ನಾಲ್ಕೈದು ಫೋಟೋ ಇರುವ ಫೋನ್, ದಿನಕ್ಕೆ ಇಪ್ಪತ್ತು ನಿಮಿಷ. ಇಲ್ಲಿ ಇಂಗ್ಲಿಷ್ ಮಾತನ್ನೆಲ್ಲ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಇದು ಬಾಯಲ್ಲಿ ಆಡುವ ಪಾಠ. ಹಾಗಾಗಿ ಸುಮ್ನೆ ಕಣ್ಣಾಡಿಸಬೇಡಿ, ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಹೇಳಿಕೊಳ್ಳಿ.

1. ಮೊದಲು ಪ್ರಶ್ನೆಗೆ ಕಿವಿ ಕೊಡಿ

“ನಿಮ್ಮ ಅತ್ತಿಗೆ ಹೇಗಿದ್ದಾರೆ?” ಈ ಪ್ರಶ್ನೆಗೆ ಕನ್ನಡದಲ್ಲಿ ಏನು ಬೇಕಾದರೂ ಉತ್ತರ ಕೊಡಬಹುದು. “ಜ್ವರ ಬಿಟ್ಟಿದೆ” ಅನ್ನಬಹುದು. “ತೆಳ್ಳಗೆ, ಉದ್ದ ಜಡೆ” ಅನ್ನಬಹುದು. “ತುಂಬಾ ಒಳ್ಳೆಯವರು” ಅಂತಲೂ ಅನ್ನಬಹುದು. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷ್‌ನಲ್ಲಿ ಈ ಮೂರಕ್ಕೂ ಮೂರು ಬೇರೆ ಪ್ರಶ್ನೆ ಇವೆ.

“ಹೌ ಈಸ್ ಯುವರ್ ಸಿಸ್ಟರ್-ಇನ್-ಲಾ?” ಅಂದರೆ ಕ್ಷೇಮ ಸಮಾಚಾರ. “ಶಿ ಈಸ್ ಫೈನ್, ಥ್ಯಾಂಕ್ ಯು” ಅಂದರೆ ಸಾಕು.

“ವಾಟ್ ಡಸ್ ಶಿ ಲುಕ್ ಲೈಕ್?” ಅಂದರೆ ನೋಡಲು ಹೇಗಿದ್ದಾರೆ, ರೂಪ ಹೇಗೆ ಅಂತ.

“ವಾಟ್ ಈಸ್ ಶಿ ಲೈಕ್?” ಅಂದರೆ ಮುಖ್ಯವಾಗಿ ಸ್ವಭಾವ. ಎಂಥವರು, ಜೊತೆಗಿದ್ದರೆ ಹೇಗೆ ಅಂತ.

ಇವುಗಳ ಜೊತೆಗೆ ನಾಲ್ಕನೆಯದೊಂದು ಬಂದು ಗೊಂದಲ ಮಾಡುತ್ತದೆ. “ವಾಟ್ ಡಸ್ ಶಿ ಲೈಕ್?” ಇದರಲ್ಲಿ ‘ಲೈಕ್’ ಅಂದರೆ ಇಷ್ಟ. ಅವರಿಗೆ ಏನು ಇಷ್ಟ ಅನ್ನುವ ಪ್ರಶ್ನೆ. “ಶಿ ಲೈಕ್ಸ್ ಫಿಲ್ಟರ್ ಕಾಫಿ” ಅಂತ ಉತ್ತರ. ಮೇಲಿನ ಎರಡರಲ್ಲಿ ‘ಲೈಕ್’ ಅಂದರೆ ಇಷ್ಟ ಅಲ್ಲ, ‘ತರಹ’.

ಇಲ್ಲಿ ಎಡವುವುದು ಹೀಗೆ: ಪ್ರಶ್ನೆಯಲ್ಲಿ ‘ಲೈಕ್’ ಇದೆ ಅಂತ ಉತ್ತರದಲ್ಲೂ ಸೇರಿಸಿಬಿಡುತ್ತೇವೆ. “ಶಿ ಈಸ್ ಲೈಕ್ ಕೈಂಡ್” ತಪ್ಪು. “ಶಿ ಈಸ್ ಕೈಂಡ್” ಸರಿ. ‘ಲೈಕ್’ ಪ್ರಶ್ನೆಯಲ್ಲೇ ಉಳಿಯಲಿ. ಇನ್ನೊಬ್ಬರಿಗೆ ಹೋಲಿಸುವಾಗ ಮಾತ್ರ ಅದು ಉತ್ತರಕ್ಕೆ ಬರುತ್ತದೆ. “ಶಿ ಲುಕ್ಸ್ ಲೈಕ್ ಹರ್ ಮದರ್” ಅಂದರೆ ಅವರು ಅಮ್ಮನ ಹಾಗೇ ಇದ್ದಾರೆ.

ಈ ನಾಲ್ಕು ಪ್ರಶ್ನೆಯನ್ನು ಎರಡು ದಿನ ಬರೀ ಕೇಳಿಸಿಕೊಳ್ಳಿ. ಮನೆಯಲ್ಲಿ ಯಾರಾದರೂ ಅದಲು ಬದಲು ಮಾಡಿ ಕೇಳಲಿ. ಸರಿಯಾದ ಉತ್ತರ ತಾನಾಗೇ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

2. ಈಸ್, ಹ್ಯಾಸ್, ವೇರಿಂಗ್: ಮೂರು ಡಬ್ಬಿ

ನಾನು ಅತಿ ಹೆಚ್ಚು ಹೊತ್ತು ಹೇಳಿಕೊಡುವುದು ಇದನ್ನೇ. ನಿಧಾನವಾಗಿ ಓದಿ.

ಕನ್ನಡದಲ್ಲಿ “ನಮ್ಮಣ್ಣ ಎತ್ತರ” ಅಂದರೆ ವಾಕ್ಯ ಮುಗಿಯಿತು. ಕ್ರಿಯಾಪದವೇ ಬೇಕಿಲ್ಲ. ಅದೇ ಅಭ್ಯಾಸದಲ್ಲಿ “ಮೈ ಬ್ರದರ್ ಟಾಲ್” ಅಂದುಬಿಡುತ್ತೇವೆ. ಇಂಗ್ಲಿಷ್‌ಗೆ ನಡುವೆ ಒಂದು ಕೊಂಡಿ ಬೇಕೇ ಬೇಕು. “ಮೈ ಬ್ರದರ್ ಈಸ್ ಟಾಲ್.”

ಇನ್ನೊಂದು ತೊಡಕು ನಮ್ಮ ‘ಗೆ’. ಈ ನಾಲ್ಕು ವಾಕ್ಯ ನೋಡಿ. ಅವರಿಗೆ ಗಡ್ಡ ಇದೆ. ಅವರಿಗೆ ನಲವತ್ತು ವರ್ಷ. ಅವರಿಗೆ ಕೋಪ ಜಾಸ್ತಿ. ಅವರಿಗೆ ನಾಚಿಕೆ ಸ್ವಭಾವ. ನಾಲ್ಕರಲ್ಲೂ ‘ಅವರಿಗೆ’ ಇದೆ. ಇಂಗ್ಲಿಷ್‌ನಲ್ಲಿ ಮಾತ್ರ ದಾರಿ ಒಡೆಯುತ್ತದೆ.

“ಹಿ ಹ್ಯಾಸ್ ಎ ಬಿಯರ್ಡ್.”
“ಹಿ ಈಸ್ ಫಾರ್ಟಿ.”
“ಹಿ ಈಸ್ ಶಾರ್ಟ್-ಟೆಂಪರ್ಡ್.”
“ಹಿ ಈಸ್ ಶೈ.”

ನೆನಪಿಡಲು ಒಂದು ದಾರಿ ಇದೆ. ಮೈಮೇಲೆ ಕೈಯಿಟ್ಟು ಮುಟ್ಟಬಹುದಾದ್ದಕ್ಕೆ ‘ಹ್ಯಾಸ್’. ಗಡ್ಡ, ಮೀಸೆ, ಕೂದಲು, ಮಚ್ಚೆ, ಗುಳಿಕೆನ್ನೆ. ವಯಸ್ಸು, ಎತ್ತರ, ಮೈಕಟ್ಟು, ಸ್ವಭಾವಕ್ಕೆ ‘ಈಸ್’. ಬೋಳು ತಲೆಯನ್ನು ಮುಟ್ಟಬಹುದಲ್ಲ ಅಂತ ನೀವು ಕೇಳಬಹುದು. ಅಲ್ಲಿ ಮುಟ್ಟಲು ಕೂದಲಿಲ್ಲ, ಆದ್ದರಿಂದ “ಹಿ ಈಸ್ ಬಾಲ್ಡ್”. ಮುಂದೆ ಕೂದಲು ಉದುರುತ್ತಿದ್ದರೆ “ಹಿ ಈಸ್ ಬಾಲ್ಡಿಂಗ್”.

ಬಟ್ಟೆ, ಕನ್ನಡಕ, ಓಲೆ, ವಾಚಿಗೆ ಮೂರನೆಯ ಡಬ್ಬಿ. ಅದರಲ್ಲಿ ಮತ್ತೆ ಎರಡು ಖಾನೆ. ಯಾವಾಗಲೂ ಹಾಕುವುದಾದರೆ ‘ವೇರ್ಸ್’, ಈಗ ಹಾಕಿರುವುದಾದರೆ ‘ಈಸ್ ವೇರಿಂಗ್’. “ಹಿ ವೇರ್ಸ್ ಗ್ಲಾಸಸ್” ಅಂದರೆ ಕನ್ನಡಕದವರು. “ಹಿ ಈಸ್ ವೇರಿಂಗ್ ಎ ಬ್ಲೂ ಶರ್ಟ್” ಅಂದರೆ ಇವತ್ತು ನೀಲಿ ಅಂಗಿ.

ಈಗ ದೊಡ್ಡ ಎಚ್ಚರಿಕೆ. “ಹಿ ಈಸ್ ಹ್ಯಾವಿಂಗ್ ಎ ಮುಸ್ಟಾಶ್” ಅನ್ನಬೇಡಿ. ನಮ್ಮ ಕಡೆ ಆಫೀಸುಗಳಲ್ಲೂ ಈ ‘ಹ್ಯಾವಿಂಗ್’ ಧಾರಾಳವಾಗಿ ಕೇಳಿಸುತ್ತದೆ. ಇಂಗ್ಲಿಷ್‌ನಲ್ಲಿ ‘ಈಸ್ ಹ್ಯಾವಿಂಗ್’ ಹೊಂದುವುದು ಊಟ, ಕಾಫಿ, ಸ್ನಾನ ಇಂಥ ನಡೆಯುತ್ತಿರುವ ಕೆಲಸಕ್ಕೆ. ಮೀಸೆ ನಡೆಯುತ್ತಿರುವ ಕೆಲಸ ಅಲ್ಲ, ಅಲ್ವಾ? “ಹಿ ಹ್ಯಾಸ್ ಎ ಮುಸ್ಟಾಶ್.” ಈ ಒಂದು ತಪ್ಪು ಬಿಟ್ಟರೆ ನಿಮ್ಮ ಇಂಗ್ಲಿಷ್ ಅರ್ಧದಷ್ಟು ಹಗುರಾಗುತ್ತದೆ.

ಹಾಗೆಯೇ ನಮ್ಮ ಗೌರವದ ‘ಅವರು’. ಅಪ್ಪನ ಬಗ್ಗೆ ಹೇಳುವಾಗ ಏಕವಚನ ಬಳಸಲು ಮನಸ್ಸು ಒಪ್ಪದೆ “ಮೈ ಫಾದರ್, ದೇ ಆರ್ ಟಾಲ್” ಅನ್ನುವವರನ್ನು ಕಂಡಿದ್ದೇನೆ. ಗೌರವ ಇಟ್ಟು ಹೇಳಿದ್ದು ನಿಜ, ಆದರೆ ಕೇಳುವವರಿಗೆ ಇಬ್ಬರು ಮೂವರು ಅಪ್ಪಂದಿರು ಕಾಣುತ್ತಾರೆ. ಇಂಗ್ಲಿಷ್‌ನಲ್ಲಿ ‘ಹಿ’, ‘ಶಿ’ ಅಂದರೆ ಅಗೌರವ ಅಲ್ಲ. ಧೈರ್ಯವಾಗಿ ಬಳಸಿ. ಗೌರವ ತೋರಿಸಬೇಕಾದರೆ ಆರಿಸುವ ಪದದಲ್ಲಿ ತೋರಿಸಬಹುದು. ವಯಸ್ಸಾದವರನ್ನು ‘ಓಲ್ಡ್ ಮ್ಯಾನ್’ ಅನ್ನುವ ಬದಲು ‘ಆ್ಯನ್ ಎಲ್ಡರ್ಲಿ ಜೆಂಟಲ್‌ಮನ್’ ಅನ್ನಿ.

3. ದೂರದಿಂದ ಹತ್ತಿರಕ್ಕೆ ಬನ್ನಿ

ಒಬ್ಬರ ಗುರುತು ಹೇಳುವಾಗ ಕಣ್ಣು ನೋಡುವ ಕ್ರಮವೇ ಮಾತಿನ ಕ್ರಮ. ದೂರದಿಂದ ಮೊದಲು ಕಾಣುವುದು ಗಂಡೋ ಹೆಣ್ಣೋ, ಎಷ್ಟು ವಯಸ್ಸು, ಎತ್ತರ, ಮೈಕಟ್ಟು. ಆಮೇಲೆ ಕೂದಲು, ಮುಖ. ಆಮೇಲೆ ಬಟ್ಟೆ. ಕೊನೆಗೆ ಬೇರೆ ಯಾರಲ್ಲೂ ಇಲ್ಲದ ಒಂದು ಗುರುತು.

ವಯಸ್ಸು ಸರಿಯಾಗಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ‘ಇನ್ ಹಿಸ್ ಫಾರ್ಟೀಸ್’ ಅಂದರೆ ನಲವತ್ತರಿಂದ ನಲವತ್ತೊಂಬತ್ತರ ಒಳಗೆ. ‘ಅರ್ಲಿ ಫಾರ್ಟೀಸ್’ ಅಂದರೆ ನಲವತ್ತು ದಾಟಿದ ಹೊಸದು, ‘ಮಿಡ್ ಫಾರ್ಟೀಸ್’ ನಲವತ್ತೈದರ ಆಸುಪಾಸು, ‘ಲೇಟ್ ಫಾರ್ಟೀಸ್’ ಐವತ್ತರ ಹತ್ತಿರ. ‘ಟೀನೇಜರ್’ ಅಂದರೆ 13ರಿಂದ 19.

ಎತ್ತರಕ್ಕೆ ‘ಟಾಲ್’. ‘ಹೈ’ ಅಲ್ಲ. ಮುಳ್ಳಯ್ಯನಗಿರಿ ‘ಹೈ’, ಸುಮಾರು 1,930 ಮೀಟರ್. ನಿಮ್ಮ ಡ್ರೈವರ್ ‘ಟಾಲ್’. ಅಡಿ ಲೆಕ್ಕದಲ್ಲಿ ಹೇಳುವಾಗ “ಹಿ ಈಸ್ ಫೈವ್ ಫುಟ್ ಸಿಕ್ಸ್” ಅನ್ನುತ್ತಾರೆ. ಯುರೋಪಿನ ಬಹುಪಾಲು ಜನರಿಗೆ ಅಡಿ ಲೆಕ್ಕ ಹಿಡಿಯುವುದಿಲ್ಲ. ಅವರಿಗೆ ಸೆಂಟಿಮೀಟರ್ ಹೇಳಿ. ಐದು ಅಡಿ ಆರು ಇಂಚು ಅಂದರೆ ಸುಮಾರು 168 ಸೆಂಟಿಮೀಟರ್. ತೀರಾ ಎತ್ತರವೂ ಅಲ್ಲ, ಗಿಡ್ಡವೂ ಅಲ್ಲ ಅನ್ನಲು ‘ಮೀಡಿಯಂ ಹೈಟ್’ ಇದೆ. “ಹಿ ಈಸ್ ಆಫ್ ಮೀಡಿಯಂ ಹೈಟ್.”

ಬಿಡಿ ಬಿಡಿ ವಾಕ್ಯ ಹೇಳಿದರೆ ಉಸಿರು ಕಟ್ಟುತ್ತದೆ. ಕೂಡಿಸಲು ಎರಡು ಸಣ್ಣ ಪದ ಸಾಕು, ‘ವಿತ್’ ಮತ್ತು ‘ಇನ್’. ಮೈಯಲ್ಲಿರುವುದಕ್ಕೆ ‘ವಿತ್’, ಮೈಮೇಲೆ ಉಟ್ಟಿರುವುದಕ್ಕೆ ‘ಇನ್’. “ಎ ವುಮನ್ ವಿತ್ ಲಾಂಗ್ ಹೇರ್.” “ಎ ಮ್ಯಾನ್ ಇನ್ ಎ ವೈಟ್ ಶರ್ಟ್.” ಕನ್ನಡಕ, ಕೊಡೆ, ಬ್ಯಾಗಿಗೂ ‘ವಿತ್’.

ಈಗ ಆ ಫೋನಿಗೆ ಉತ್ತರ ಕೊಡೋಣ.

“ಹಿ ಈಸ್ ಎ ಟಾಲ್, ಥಿನ್ ಮ್ಯಾನ್ ಇನ್ ಹಿಸ್ ಫಾರ್ಟೀಸ್, ವಿತ್ ಎ ಥಿಕ್ ಮುಸ್ಟಾಶ್. ಹಿ ಈಸ್ ವೇರಿಂಗ್ ಎ ವೈಟ್ ಶರ್ಟ್, ಅಂಡ್ ಹಿ ಹ್ಯಾಸ್ ಎ ರೆಡ್ ಟವೆಲ್ ಓವರ್ ಹಿಸ್ ಶೋಲ್ಡರ್.”

ಎರಡೇ ವಾಕ್ಯ. ಅತಿಥಿಗಳು ತಲೆಯೆತ್ತಿ ನೋಡಿದರೆ ಸಿಕ್ಕಿಬಿಡುತ್ತಾರೆ.

ಗುರುತು ಆರಿಸುವಾಗ ಒಂದು ವಿಚಾರ ಮರೆಯಬೇಡಿ. ಎಲ್ಲರಲ್ಲೂ ಇರುವುದು ಗುರುತಾಗುವುದಿಲ್ಲ. ಜುಲೈ ತಿಂಗಳಲ್ಲಿ ಸಕಲೇಶಪುರದ ಬಸ್ ಸ್ಟ್ಯಾಂಡ್‌ನಲ್ಲಿ ಕಪ್ಪು ಕೊಡೆ ಹಿಡಿದವರು ಅಂದರೆ ಯಾರನ್ನು ಹುಡುಕುವುದು? ಅದೇ ಹಣೆಯ ಮೇಲೆ ವಿಭೂತಿ ಇದ್ದರೆ “ತ್ರೀ ವೈಟ್ ಲೈನ್ಸ್ ಆನ್ ಹಿಸ್ ಫೋರ್‌ಹೆಡ್” ಅನ್ನಿ. ಮಲ್ಲಿಗೆ ಮುಡಿದಿದ್ದರೆ “ಶಿ ಹ್ಯಾಸ್ ಜಾಸ್ಮಿನ್ ಇನ್ ಹರ್ ಹೇರ್” ಅನ್ನಿ. ಮೂಗುಬೊಟ್ಟಿಗೆ ‘ನೋಸ್ ಸ್ಟಡ್’, ರಿಂಗಿನ ಹಾಗಿದ್ದರೆ ‘ನೋಸ್ ರಿಂಗ್’. ಪಂಚೆಗೆ ‘ಧೋತಿ’ ಅಂದರೆ ಉತ್ತರದವರಿಗೂ ಗೊತ್ತಾಗುತ್ತದೆ.

ಯಾತ್ರೆಗೆ ಅಂತ ಕಾಶಿ, ಹರಿದ್ವಾರದ ಕಡೆ ಹೋದಾಗ ಮನೆಯ ಹಿರಿಯರು ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೂ ಇದೇ ಕ್ರಮ. 112ಕ್ಕೆ ಫೋನ್ ಮಾಡಿ ವಯಸ್ಸು, ಎತ್ತರ, ಕೂದಲು, ಕೊನೆಗೆ ನೋಡಿದಾಗ ಉಟ್ಟಿದ್ದ ಬಟ್ಟೆ ಹೇಳಿ. “ಶಿ ವಾಸ್ ವೇರಿಂಗ್ ಎ ಗ್ರೀನ್ ಸ್ಯಾರಿ.” ಗಾಬರಿಯಲ್ಲಿ ಪದ ಬರುವುದಿಲ್ಲ. ಹೊರಡುವ ಮುಂಚೆಯೇ ಒಮ್ಮೆ ಹೇಳಿ ನೋಡಿಕೊಳ್ಳಿ. ದಿನಾ ಬೆಳಿಗ್ಗೆ ಹಿರಿಯರದ್ದೊಂದು ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

4. ಕೂದಲು

ಇಂಗ್ಲಿಷ್ ಪಠ್ಯಗಳು ಕೂದಲಿನ ಬಣ್ಣ, ಕಣ್ಣಿನ ಬಣ್ಣದಿಂದಲೇ ಶುರುಮಾಡುತ್ತವೆ. ಅವರ ಊರುಗಳಲ್ಲಿ ಅದು ಸರಿ. ಒಬ್ಬರದ್ದು ಚಿನ್ನದ ಬಣ್ಣ, ಒಬ್ಬರದ್ದು ಕಂದು, ಒಬ್ಬರದ್ದು ಕೆಂಚು. ನಮ್ಮಲ್ಲಿ “ಬ್ಲ್ಯಾಕ್ ಹೇರ್, ಬ್ರೌನ್ ಐಸ್” ಅಂದರೆ ಹಾಸನ ಜಿಲ್ಲೆಯ ಹೆಚ್ಚುಕಡಿಮೆ ಎಲ್ಲರೂ ಬಂದರು. ನಮ್ಮವರನ್ನು ಬಿಡಿಸಿ ತೋರಿಸುವುದು ಕೂದಲಿನ ಉದ್ದ, ಆಕಾರ, ಕಟ್ಟಿರುವ ರೀತಿ. ಅದನ್ನು ಮೊದಲು ಕಲಿಯಿರಿ.

ನೇರ ಕೂದಲಿಗೆ ‘ಸ್ಟ್ರೇಟ್’, ಅಲೆ ಅಲೆಯಾಗಿದ್ದರೆ ‘ವೇವಿ’, ಗುಂಗುರಾದರೆ ‘ಕರ್ಲಿ’. ಹೆಗಲವರೆಗೆ ಇದ್ದರೆ ‘ಶೋಲ್ಡರ್-ಲೆಂತ್’. ಜಡೆಗೆ ‘ಪ್ಲ್ಯಾಟ್’ ಅಥವಾ ‘ಬ್ರೇಡ್’, ತುರುಬಿಗೆ ‘ಬನ್’. “ಹರ್ ಹೇರ್ ಈಸ್ ಇನ್ ಎ ಬನ್.” ಕಪ್ಪು ಬಿಳಿ ಬೆರೆತಿದ್ದರೆ ‘ಸಾಲ್ಟ್-ಅಂಡ್-ಪೆಪರ್ ಹೇರ್’, ಉಪ್ಪು ಮೆಣಸು ಬೆರೆಸಿದ ಹಾಗೆ. ನರೆತಿದ್ದರೆ ‘ಗ್ರೇ’.

ಗಂಡಸರಿಗೆ ಗಡ್ಡ ಮೀಸೆಯೇ ದೊಡ್ಡ ಗುರುತು. ದಪ್ಪ ಮೀಸೆ ‘ಥಿಕ್ ಮುಸ್ಟಾಶ್’. ನುಣ್ಣಗೆ ಬೋಳಿಸಿದ್ದರೆ ‘ಕ್ಲೀನ್-ಶೇವನ್’. ನಾವು ‘ಫ್ರೆಂಚ್ ಬಿಯರ್ಡ್’ ಅನ್ನುವುದು ಹೊರಗಿನವರಿಗೆ ‘ಗೋಟೀ’. ನಮ್ಮ ‘ಕೂಲಿಂಗ್ ಗ್ಲಾಸ್’ ಕೂಡ ಇಲ್ಲೇ ಉಳಿಯುವ ಪದ. ಹೊರಗೆ ‘ಸನ್‌ಗ್ಲಾಸಸ್’.

ಎರಡು ಮೂರು ವಿಶೇಷಣ ಒಟ್ಟಿಗೆ ಬಂದರೆ, ಅಂದರೆ ಎಂಥದ್ದು ಅಂತ ಹೇಳುವ ಪದಗಳು ಸಾಲಾಗಿ ಬಂದರೆ, ಕ್ರಮ ಇದು: ಉದ್ದ, ಆಕಾರ, ಬಣ್ಣ. “ಲಾಂಗ್ ಕರ್ಲಿ ಬ್ಲ್ಯಾಕ್ ಹೇರ್.” ಕನ್ನಡದಲ್ಲೂ “ಉದ್ದನೆಯ ಗುಂಗುರು ಕಪ್ಪು ಕೂದಲು” ಅನ್ನುತ್ತೇವೆ. ಇಲ್ಲಿ ನಿಮ್ಮ ಕನ್ನಡವೇ ದಾರಿ ತೋರಿಸುತ್ತದೆ. ‘ಬ್ಯೂಟಿಫುಲ್’ ಥರದ ನಿಮ್ಮ ಅಭಿಪ್ರಾಯ ಇದ್ದರೆ ಅದು ಎಲ್ಲಕ್ಕಿಂತ ಮುಂದೆ.

ಇಲ್ಲಿನ ಹಳ್ಳ: ತಲೆಗೂದಲು ಒಟ್ಟಿಗೆ ‘ಹೇರ್’. ‘ಹೇರ್ಸ್’ ಅಲ್ಲ, ಮುಂದೆ ‘ಎ’ ಕೂಡ ಬೇಡ. “ಶಿ ಹ್ಯಾಸ್ ಎ ಲಾಂಗ್ ಹೇರ್” ಅಂದರೆ ತಲೆಯಲ್ಲಿ ಒಂದೇ ಒಂದು ಉದ್ದ ಎಳೆ ಇದೆ ಅಂದ ಹಾಗೆ. ಎಣಿಸುವಷ್ಟು ಎಳೆ ಇದ್ದಾಗ ಮಾತ್ರ ‘ಎ ಫ್ಯೂ ಗ್ರೇ ಹೇರ್ಸ್’.

5. ಮೈಬಣ್ಣ, ಮೈಕಟ್ಟು: ನೋಯಿಸದ ಹಾಗೆ

ಒಬ್ಬರನ್ನು ವರ್ಣಿಸುವುದು ಅವರ ಬೆನ್ನ ಹಿಂದೆ ಅವರ ಬಗ್ಗೆ ಆಡುವ ಮಾತು. ಅವರೇ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರೂ ಬೇಸರ ಆಗಬಾರದು. ನಾನು ಪದ ಆರಿಸುವುದು ಹಾಗೆ. ನೀವೂ ಹಾಗೇ ಆರಿಸಿ ಅಂತ ಕೇಳಿಕೊಳ್ಳುತ್ತೇನೆ.

“ದಪ್ಪ ಆಗಿದ್ದೀಯಲ್ಲೇ” ಅಂತ ನಮ್ಮ ಮನೆಗಳಲ್ಲಿ ಅಕ್ಕರೆಯಿಂದಲೇ ಅನ್ನುತ್ತೇವೆ. ಇಂಗ್ಲಿಷ್‌ನ ‘ಫ್ಯಾಟ್’ಗೆ ಆ ಅಕ್ಕರೆ ಇಲ್ಲ, ಅದು ಚುಚ್ಚುತ್ತದೆ. ಗುರುತಿಗಾಗಿ ಹೇಳಲೇಬೇಕಾದರೆ ‘ಹೆವಿ-ಸೆಟ್’, ಗಟ್ಟಿಮುಟ್ಟಾದ ಗಂಡಸರಿಗೆ ‘ವೆಲ್-ಬಿಲ್ಟ್’, ಮಗುವಿನ ಗುಂಡು ಕೆನ್ನೆಗೆ ‘ಚಬ್ಬಿ’. ದಪ್ಪಗಿರುವವರನ್ನು ನಮ್ಮವರು ಮೆತ್ತಗೆ ‘ಹೆಲ್ತಿ’ ಅನ್ನುತ್ತಾರೆ. ಹೊರಗಿನವರು ಅದನ್ನು ಆರೋಗ್ಯವಂತರು ಅಂತ ಮಾತ್ರ ತಿಳಿಯುತ್ತಾರೆ, ಗುರುತು ಸಿಗುವುದಿಲ್ಲ. ತೆಳ್ಳಗಿನವರಲ್ಲೂ ಭೇದ ಇದೆ. ‘ಸ್ಲಿಮ್’ ಹೊಗಳಿಕೆ, ‘ಥಿನ್’ ಸುಮ್ನೆ ಇದ್ದದ್ದು ಇದ್ದ ಹಾಗೆ, ‘ಸ್ಕಿನ್ನಿ’ ಅಂದರೆ ನರಪೇತಲ ಅಂದ ಹಾಗೆ.

ಮೈಬಣ್ಣದ ಮಾತು ಬಂದರೆ ನನ್ನ ಸಲಹೆ ನೇರವಾಗಿದೆ: ಬೇಕಿಲ್ಲದಿದ್ದರೆ ಹೇಳಲೇಬೇಡಿ. ಕಳೆದುಹೋದವರ ಗುರುತು, ಆಸ್ಪತ್ರೆ, ಪೊಲೀಸ್ ಹೇಳಿಕೆ ಇಂಥ ಕಡೆ ಬೇಕಾದೀತು. ಆಗ ‘ಫೇರ್’, ‘ಲೈಟ್ ಬ್ರೌನ್’, ‘ಡಾರ್ಕ್-ಸ್ಕಿನ್ಡ್’ ಅಂತ ಸರಳವಾಗಿ ಹೇಳಿ. ಗೋಧಿ ಬಣ್ಣದ ‘ವೀಟಿಶ್’ ನಮ್ಮ ದೇಶದ ಇಂಗ್ಲಿಷ್‌ನಲ್ಲಿ ಹುಟ್ಟಿದ ಪದ. ವಧು-ವರರ ಜಾಹೀರಾತಿನಲ್ಲಿ ನಡೆಯುತ್ತದೆ, ಹೊರದೇಶದವರಿಗೆ ತಿಳಿಯುವುದಿಲ್ಲ. ‘ಬಣ್ಣ ಕಪ್ಪು, ಆದರೂ ಲಕ್ಷಣವಾಗಿದ್ದಾಳೆ’ ಅನ್ನುವ ಮಾತನ್ನಂತೂ ಯಾವ ಭಾಷೆಗೂ ಸಾಗಿಸಬೇಡಿ. ಆ ‘ಆದರೂ’ ತಪ್ಪು.

ಇನ್ನು ಕೆಲವು ಪದ ನೋಡಲು ಸಾಧು, ಒಳಗೆ ಮುಳ್ಳು.

‘ಹೋಮ್ಲಿ’. ಮನೆವಾರ್ತೆ ಬಲ್ಲ ಹುಡುಗಿ ಅನ್ನಲು ನಾವು ಬಳಸುತ್ತೇವೆ. ಅಮೆರಿಕದವರಿಗೆ ಅದರ ಅರ್ಥ ‘ನೋಡಲು ಚೆನ್ನಾಗಿಲ್ಲ’. ಮಗಳಿಗೆ ಅಮೆರಿಕದ ಸಂಬಂಧ ಬಂದಾಗ ಈ ಪದ ಹಾಕಿ ಕಳಿಸಿದರೆ ಏನಾಗಬಹುದು ಯೋಚಿಸಿ. “ಶಿ ಈಸ್ ಫ್ಯಾಮಿಲಿ-ಓರಿಯೆಂಟೆಡ್” ಅನ್ನಿ.

‘ಸ್ಮಾರ್ಟ್’. ನಮಗೆ ನೋಡಲು ಚೆನ್ನಾಗಿರುವವನು. ಬ್ರಿಟನ್ನಿನವರಿಗೆ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟವನು, ಅಮೆರಿಕದವರಿಗೆ ಬುದ್ಧಿವಂತ. ಚೆಲುವು ಹೇಳಬೇಕಾದರೆ ‘ಗುಡ್-ಲುಕಿಂಗ್’. ಗಂಡಸರಿಗೂ ಹೆಂಗಸರಿಗೂ ನಡೆಯುತ್ತದೆ.

‘ಬ್ಲ್ಯಾಕ್ ಐ’. ಕಪ್ಪು ಕಣ್ಣು ಅಂತ ಹೇಳಹೊರಟು “ಹಿ ಹ್ಯಾಸ್ ಎ ಬ್ಲ್ಯಾಕ್ ಐ” ಅಂದರೆ ಗುದ್ದು ಬಿದ್ದು ಕಣ್ಣಿನ ಸುತ್ತ ಕಂದಿದೆ ಅಂತ ಅರ್ಥ. “ಹಿ ಹ್ಯಾಸ್ ಡಾರ್ಕ್ ಐಸ್” ಅನ್ನಿ.

ಅರ್ಜಿಗಳಲ್ಲಿ ಕೇಳುವ ಗುರುತಿನ ಚಿಹ್ನೆಗೂ ಇಲ್ಲೇ ಜಾಗ ಕೊಡುತ್ತೇನೆ. ಮಚ್ಚೆ ‘ಮೋಲ್’, ಹಳೆಯ ಗಾಯದ ಕಲೆ ‘ಸ್ಕಾರ್’, ಹುಟ್ಟಿನಿಂದ ಬಂದ ಗುರುತು ‘ಬರ್ತ್‌ಮಾರ್ಕ್’. “ಎ ಮೋಲ್ ಆನ್ ದ ಲೆಫ್ಟ್ ಚೀಕ್.” “ಎ ಸ್ಕಾರ್ ಅಬೋವ್ ದ ರೈಟ್ ಐಬ್ರೋ.” ಎಡ ಬಲ ಅಂದರೆ ಆ ವ್ಯಕ್ತಿಯ ಎಡ ಬಲ, ನೋಡುವವರದ್ದಲ್ಲ.

6. ಸ್ವಭಾವ: ಕನ್ನಡದ ಮಾತು ಹಿಡಿದು ಹೋಗಿ

ಸ್ವಭಾವದ ಪದಗಳ ಪಟ್ಟಿ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ. ನಿಮ್ಮ ಮನೆ, ಬೀದಿಯ ಜನರನ್ನು ನೆನೆಸಿಕೊಂಡು ಒಬ್ಬರಿಗೆ ಒಂದು ಪದ ಅಂಟಿಸಿ. ಪದ ಕೇಳಿದರೆ ಆ ಮುಖ ಬರಬೇಕು.

ಬಂದವರಿಗೆ ಊಟ ಹಾಕದೆ ಕಳಿಸದ ದೊಡ್ಡಮ್ಮ ‘ಜೆನರಸ್’. ಬಿಡಿಗಾಸು ಬಿಚ್ಚದ ಜುಗ್ಗ ‘ಸ್ಟಿಂಜಿ’. ನಾವು ಕೈ ಬಿಗಿ ಅಂದ ಹಾಗೆ ಇಂಗ್ಲಿಷ್‌ನವರೂ ‘ಟೈಟ್-ಫಿಸ್ಟೆಡ್’ ಅನ್ನುತ್ತಾರೆ. ಹಿಡಿದ ಹಠ ಬಿಡದ ತಮ್ಮ ‘ಸ್ಟಬರ್ನ್’. ಎಲ್ಲರನ್ನೂ ಕುಣಿಸುವ ಅಕ್ಕ ‘ಬಾಸಿ’. ಹೇಳಿದ ಕೆಲಸವನ್ನು ಹೇಳಿದ ದಿನವೇ ಮಾಡಿಕೊಡುವ ಎಲೆಕ್ಟ್ರಿಷಿಯನ್ ‘ರಿಲಯಬಲ್’, ನೆಚ್ಚಬಹುದಾದವರು. ಬಸ್ಸಿನಲ್ಲಿ ಪಕ್ಕ ಕೂತವರ ಜೊತೆ ಬೇಲೂರು ಬರುವಷ್ಟರಲ್ಲಿ ಸ್ನೇಹ ಮಾಡಿಕೊಳ್ಳುವವರು ‘ಔಟ್‌ಗೋಯಿಂಗ್’. ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರು ‘ರಿಸರ್ವ್ಡ್’. ಏನು ಕೊಟ್ಟರೂ ಹೊಂದಿಕೊಂಡು ಹೋಗುವವರಿಗೆ ನಾವು ‘ಅಡ್ಜಸ್ಟಿಂಗ್’ ಅನ್ನುತ್ತೇವೆ, ಇಂಗ್ಲಿಷ್‌ನಲ್ಲಿ ಅವರು ‘ಈಸಿ-ಗೋಯಿಂಗ್’.

ಕನ್ನಡದ ನುಡಿಗಟ್ಟನ್ನು ಹಾಗೇ ಇಂಗ್ಲಿಷ್‌ಗೆ ಹೊರಳಿಸಿದರೆ ಎಡವುತ್ತೇವೆ. ಬಾಯಿ ಜೋರು ಅನ್ನಲು ‘ಬಿಗ್ ಮೌತ್’ ಅಂದರೆ, ಗುಟ್ಟು ಉಳಿಸಿಕೊಳ್ಳದವರು ಅಂತ ಅರ್ಥ ಆಗಿಬಿಡುತ್ತದೆ. ಬಾಯಿ ಜೋರಿಗೆ ‘ಶಾರ್ಪ್-ಟಂಗ್ಡ್’ ಸರಿ. ಹಿತ್ತಾಳೆ ಕಿವಿಯನ್ನು ಹೊರಳಿಸಲು ಹೋಗಲೇಬೇಡಿ. “ಹಿ ಬಿಲೀವ್ಸ್ ವಾಟೆವರ್ ಹಿ ಈಸ್ ಟೋಲ್ಡ್” ಅಂತ ವಿಷಯವನ್ನೇ ಹೇಳಿ.

‘ಅವರು ತುಂಬಾ ಸಿಂಪಲ್’ ಅನ್ನುವುದು ನಮ್ಮಲ್ಲಿ ದೊಡ್ಡ ಹೊಗಳಿಕೆ. ಇಂಗ್ಲಿಷ್‌ನಲ್ಲಿ ಮನುಷ್ಯರನ್ನು ‘ಸಿಂಪಲ್’ ಅಂದರೆ ಬುದ್ಧಿ ಕಡಿಮೆ ಅನ್ನುವ ಅರ್ಥವೂ ಬರಬಹುದು. ‘ಡೌನ್-ಟು-ಅರ್ತ್’ ಅನ್ನಿ. ‘ಸೆನ್ಸಿಬಲ್’ ಅಂದರೆ ವಿವೇಕಿ, ‘ಸೆನ್ಸಿಟಿವ್’ ಅಂದರೆ ಬೇಗ ನೊಂದುಕೊಳ್ಳುವವರು. ಇವೆರಡನ್ನು ಅದಲು ಬದಲು ಮಾಡುವವರು ಬಹಳ. ‘ಬೋರಿಂಗ್’ ಮತ್ತು ‘ಬೋರ್ಡ್’ ಕೂಡ ಹಾಗೇ. “ಐ ಆ್ಯಮ್ ಬೋರ್ಡ್” ಅಂದರೆ ನನಗೆ ಬೇಜಾರಾಗಿದೆ. “ಐ ಆ್ಯಮ್ ಬೋರಿಂಗ್” ಅಂದರೆ ನನ್ನ ಜೊತೆಗಿದ್ದರೆ ಬೇರೆಯವರಿಗೆ ಬೇಜಾರು. ಹಾಗೆಯೇ, ‘ತುಂಬಾ’ ಅನ್ನುವ ಕಡೆಯೆಲ್ಲ ‘ಟೂ’ ಹಾಕಬೇಡಿ. ‘ವೆರಿ ಟಾಲ್’ ಅಂದರೆ ತುಂಬಾ ಎತ್ತರ. ‘ಟೂ ಟಾಲ್’ ಅಂದರೆ ಇರಬೇಕಾದ್ದಕ್ಕಿಂತ ಜಾಸ್ತಿ, ಬಾಗಿಲು ತಲೆಗೆ ಹೊಡೆಯುವಷ್ಟು.

ಪದ ಒಂದೇ ಸಾಲದು. ಅದರ ಬೆನ್ನಿಗೇ ಒಂದು ನಿಜವಾದ ಸಂಗತಿ ಇಡಿ. “ಮೈ ಗ್ರ್ಯಾಂಡ್‌ಮದರ್ ಈಸ್ ಜೆನರಸ್” ಅನ್ನುವುದನ್ನು ಯಾರು ಬೇಕಾದರೂ ಹೇಳಬಹುದು. “ಶಿ ನೆವರ್ ಲೆಟ್ಸ್ ಎನಿವನ್ ಲೀವ್ ವಿದೌಟ್ ಕಾಫಿ” ಅಂತ ಸೇರಿಸಿದರೆ ಅದು ನಿಮ್ಮ ಅಜ್ಜಿ. ಯಾರೂ ಕಾಫಿ ಕುಡಿಯದೆ ಆ ಮನೆಯಿಂದ ಎದ್ದು ಹೋಗುವ ಹಾಗಿಲ್ಲ ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಕೇಳಿದವರು ನೆನಪಿಟ್ಟುಕೊಳ್ಳುವುದು ಎರಡನೆಯ ವಾಕ್ಯವನ್ನೇ.

ಕೆಟ್ಟ ಗುಣ ಹೇಳುವಾಗ ಸ್ವಲ್ಪ ಮೆತ್ತಗೆ. ಕನ್ನಡದಲ್ಲಿ ‘ಸ್ವಲ್ಪ ಕೋಪಿಷ್ಠ’ ಅನ್ನುವ ಹಾಗೆ ಇಂಗ್ಲಿಷ್‌ನಲ್ಲಿ “ಹಿ ಕ್ಯಾನ್ ಬಿ ಎ ಬಿಟ್ ಶಾರ್ಟ್-ಟೆಂಪರ್ಡ್” ಅನ್ನುತ್ತಾರೆ. ‘ಕ್ಯಾನ್ ಬಿ’ ಅಂದರೆ ಕೆಲವೊಮ್ಮೆ ಹಾಗೆ. ‘ಲೇಜಿ’ ಅನ್ನುವ ಬದಲು “ನಾಟ್ ವೆರಿ ಹಾರ್ಡ್-ವರ್ಕಿಂಗ್” ಅನ್ನಬಹುದು.

7. ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆಯೇ ಕೇಳಿದರೆ

“ಹೌ ವುಡ್ ಯು ಡಿಸ್ಕ್ರೈಬ್ ಯುವರ್‌ಸೆಲ್ಫ್?” ಅಂದರೆ ಅವರು ಕೇಳುತ್ತಿರುವುದು ಗುಣ. ಎತ್ತರ, ಬಣ್ಣ ಹೇಳಬೇಡಿ. ಎರಡೇ ಎರಡು ಗುಣ, ಪ್ರತಿಯೊಂದಕ್ಕೂ ಒಂದು ಸಾಕ್ಷಿ. “ಐ ಆ್ಯಮ್ ಪೇಷೆಂಟ್. ಐ ಟಾಟ್ ಮೈ ಗ್ರ್ಯಾಂಡ್‌ಫಾದರ್ ಟು ಯೂಸ್ ಎ ಸ್ಮಾರ್ಟ್‌ಫೋನ್.” ತಾತನಿಗೆ ಫೋನ್ ಕಲಿಸಿದವರ ತಾಳ್ಮೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ನೀವು ನಿಜವಾಗಿ ಮಾಡಿದ್ದನ್ನೇ ಹೇಳಿ, ಏಕೆಂದರೆ ಮುಂದಿನ ಪ್ರಶ್ನೆ ಅದರ ಮೇಲೆಯೇ ಬರುತ್ತದೆ.

8. ಅಭ್ಯಾಸಕ್ಕೆ ಕಲ್ಲಿನ ಜನ

ಜೀವಂತ ಜನರನ್ನು ದಿಟ್ಟಿಸಿ ನೋಡುತ್ತಾ ವರ್ಣಿಸಿದರೆ ಅವರಿಗೆ ಮುಜುಗರ. ನಮ್ಮ ಜಿಲ್ಲೆಗಳಿಗೆ ಒಂದು ಭಾಗ್ಯ ಇದೆ. ಎಷ್ಟು ಹೊತ್ತು ನೋಡಿದರೂ ಬೇಸರಪಡದವರು ಬೇಲೂರಿನಲ್ಲಿ ನಿಂತಿದ್ದಾರೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರು. 2023ರಲ್ಲಿ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಹೊರದೇಶದ ಪ್ರವಾಸಿಗರಿಗೆ ಇದೇ ವಾಕ್ಯಗಳನ್ನು ಹೇಳುವ ಅವಕಾಶವೂ ಅಲ್ಲೇ ಸಿಗುತ್ತದೆ.

ದರ್ಪಣ ಸುಂದರಿಯ ಮುಂದೆ ನಿಂತು ಮೂರು ಡಬ್ಬಿಯನ್ನೂ ಬಳಸಿ. “ಶಿ ಈಸ್ ಯಂಗ್ ಅಂಡ್ ಗ್ರೇಸ್‌ಫುಲ್. ಶಿ ಹ್ಯಾಸ್ ಎ ಸ್ಲಿಮ್ ವೇಸ್ಟ್. ಶಿ ಈಸ್ ವೇರಿಂಗ್ ಎ ಲಾಟ್ ಆಫ್ ಜ್ಯುವೆಲರಿ. ಶಿ ಈಸ್ ಲುಕಿಂಗ್ ಇನ್ಟು ಎ ಮಿರರ್.” ಶುಕಭಾಷಿಣಿಯ ಹತ್ತಿರ ಬಂದು ಗಿಳಿಯನ್ನೂ ಸೇರಿಸಿ. ಆಮೇಲೆ ಗುಣ ಊಹಿಸಿ. ಕನ್ನಡಿ ಹಿಡಿದವಳು ‘ಕಾನ್ಫಿಡೆಂಟ್’ ಅನ್ನಿಸುತ್ತಾಳಾ, ‘ವೇನ್’, ಅಂದರೆ ರೂಪದ ಜಂಬ ಇರುವವಳು, ಅನ್ನಿಸುತ್ತಾಳಾ? ಜೊತೆಯಲ್ಲಿ ಬಂದವರ ಹತ್ತಿರ ವಾದ ಮಾಡಿ. ಊಹೆಗೆ ‘ಶಿ ಸೀಮ್ಸ್’ ಬಳಸಬೇಕು, ‘ಕಂಡರೆ ಹಾಗನ್ನಿಸುತ್ತದೆ’ ಅಂತ. “ಶಿ ಸೀಮ್ಸ್ ಕಾನ್ಫಿಡೆಂಟ್.”

ಶ್ರವಣಬೆಳಗೊಳದ ಗೊಮ್ಮಟ ಇನ್ನೂ ಒಳ್ಳೆಯ ಪರೀಕ್ಷೆ. ಅಲ್ಲಿ ‘ವೇರಿಂಗ್’ ಡಬ್ಬಿ ಖಾಲಿ, ಉಳಿದ ಎರಡರಲ್ಲೇ ಎಲ್ಲವನ್ನೂ ಹೇಳಬೇಕು. “ಹಿ ಹ್ಯಾಸ್ ಕರ್ಲಿ ಹೇರ್, ಲಾಂಗ್ ಇಯರ್ಸ್ ಅಂಡ್ ಬ್ರಾಡ್ ಶೋಲ್ಡರ್ಸ್. ಹಿಸ್ ಫೇಸ್ ಈಸ್ ಕಾಮ್.” ಎತ್ತರ ಸುಮಾರು 57 ಅಡಿ. “ಅಬೌಟ್ ಫಿಫ್ಟಿ-ಸೆವೆನ್ ಫೀಟ್ ಟಾಲ್.” ಕಾಲು, ತೋಳಿಗೆ ಬಳ್ಳಿ ಹಬ್ಬಿದೆ. ಅಷ್ಟು ಕಾಲ ಅಲುಗದೆ ನಿಂತವನ ಗುಣಕ್ಕೆ ಯಾವ ಪದ ಹೊಂದುತ್ತದೆ ಅಂತ ನೀವೇ ಹುಡುಕಿ.

ಬೇಲೂರು, ಬೆಳಗೊಳಕ್ಕೆ ಹೋಗಲು ಆಗದಿದ್ದರೆ ಫೋನಿನಲ್ಲಿರುವ ಮದುವೆ ಫೋಟೋ ಸಾಕು. ದಿನಕ್ಕೊಬ್ಬರನ್ನು ಆರಿಸಿ, ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಕೇಳುವಾಗ ಮೂರನ್ನೇ ಗಮನಿಸಿ: ‘ಈಸ್’ ಬಿಟ್ಟುಹೋಯಿತಾ, ‘ಹ್ಯಾವಿಂಗ್’ ನುಸುಳಿತಾ, ‘ಹೇರ್’ ಮುಂದೆ ‘ಎ’ ಬಂತಾ. ತಪ್ಪು ಸಿಕ್ಕಿದರೆ ಅದೇ ಫೋಟೋವನ್ನು ಮಾರನೆಯ ದಿನ ಮತ್ತೆ ಹೇಳಿ. ಹತ್ತನೆಯ ದಿನ ಫೋಟೋ ತೋರಿಸದೆ ಮನೆಯವರಿಗೆ ವರ್ಣಿಸಿ, ಆಮೇಲೆ ಫೋಟೋ ಕೈಗೆ ಕೊಟ್ಟು “ನಾನು ಹೇಳಿದ್ದು ಇದರಲ್ಲಿ ಯಾರನ್ನು?” ಅಂತ ಕೇಳಿ. ಅವರು ಸರಿಯಾದ ಮುಖದ ಮೇಲೆ ಬೆರಳಿಟ್ಟರೆ ನೋಟ್‌ಬುಕ್‌ನಲ್ಲಿ ಒಂದು ಗುರುತು ಹಾಕಿ, ಮುಂದಿನ ಫೋಟೋ ತೆಗೆಯಿರಿ.